ಕಚ್ಚಿಸುವುದು ಸುಲಭ, ಬಿಡಿಸುವುದು ಕಷ್ಟ: ರಕ್ಷಣಾ ಕ್ರೀಡೆಯ ನಾಯಿ ತರಬೇತಿ ಬಗ್ಗೆ ಟಿಪ್ಪಣಿ

ದಾವಣಗೆರೆ ಕಡೆ ನಾಯಿಗೆ ಟ್ರೇನಿಂಗ್ ಕೊಡಿಸುತ್ತೇನೆ ಅಂದ ಕೂಡಲೇ ಬರುವ ಪ್ರಶ್ನೆ ಒಂದೇ: "ಕಚ್ಚುತ್ತಾ?" ಚನ್ನಗಿರಿ ಕಡೆಯ ಅಡಿಕೆ ತೋಟದವರಿಗೂ ಅದೇ ಬೇಕು, ಊರಾಚೆ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದವರಿಗೂ ಅದೇ ಬೇಕು. ರಾಟ್‌ವೀಲರ್ ಮರಿ ತಂದು, ಹಗಲೆಲ್ಲ ಕಟ್ಟಿಹಾಕಿ, ಗೋಣಿಚೀಲ ಬೀಸಿ ಕೆಣಕುತ್ತಾ ಇದ್ದರೆ ಅದು ತಾನಾಗೇ ಕಚ್ಚುವುದನ್ನು ಕಲಿಯುತ್ತದೆ. ಅದಕ್ಕೆ ಟ್ರೇನರ್ ಬೇಕಾಗಿಲ್ಲ. ಕಚ್ಚಿದ ನಾಯಿ ಒಂದೇ ಮಾತಿಗೆ ಬಾಯಿ ಬಿಡಬೇಕು ಅಂದಾಗ ಟ್ರೇನರ್ ಬೇಕು. ರಕ್ಷಣಾ ಕ್ರೀಡೆಯ ಕಷ್ಟದ ಪಾಠ ಅದೇ. ಹೊಡೆದು ಕಲಿಸುವ ದಾರಿ ಸೋಲುವುದೂ ಅಲ್ಲೇ. ಭಾನುವಾರ ಬೆಳಿಗ್ಗೆ ನಮ್ಮ ಜೊತೆ ಅಭ್ಯಾಸಕ್ಕೆ ಹೊಸದಾಗಿ ಬರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕ್ರೀಡೆ ಏನು?

ಜರ್ಮನಿಯಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ 1899ರಲ್ಲಿ ಜರ್ಮನ್ ಶೆಫರ್ಡ್ ತಳಿಯ ಸಂಘ ಕಟ್ಟಿದರು. ನಾಯಿ ನೋಡಲು ಚೆನ್ನಾಗಿದ್ದರೆ ಸಾಲದು, ಕೆಲಸಕ್ಕೂ ಬರಬೇಕು ಅನ್ನುವುದು ಅವರ ಹಟ. ಯಾವ ನಾಯಿಯಿಂದ ಮರಿ ಮಾಡಿಸಬಹುದು ಅಂತ ತಿಳಿಯಲು ಶುರುವಾದ ಪರೀಕ್ಷೆಯೇ ಶುಟ್ಸ್‌ಹುಂಡ್, ಅಂದರೆ 'ರಕ್ಷಣಾ ನಾಯಿ'. ನಾವು ರಕ್ಷಣಾ ಕ್ರೀಡೆ ಅನ್ನುವುದು ಇದನ್ನೇ. ಮುಂದೆ ಅದರ ಹೆಸರು ಐಪಿಒ ಆಯಿತು, 2019ರಿಂದ ಐಜಿಪಿ ಅನ್ನುತ್ತಾರೆ.

ಪರೀಕ್ಷೆಯಲ್ಲಿ ಮೂರು ಭಾಗ: ವಾಸನೆ ಹಿಡಿದು ಹೆಜ್ಜೆ ಹುಡುಕುವುದು, ಒಬಿಡಿಯನ್ಸ್ (ಹೇಳಿದ ಮಾತು ಕೇಳುವುದು), ರಕ್ಷಣೆ. ಒಂದೊಂದಕ್ಕೂ 100 ಅಂಕ. ಪ್ರತಿ ಭಾಗದಲ್ಲೂ ಕನಿಷ್ಠ 70 ಬರಬೇಕು. ಮೊದಲ ಹಂತ ಬರೆಯಲು ನಾಯಿಗೆ 18 ತಿಂಗಳು ತುಂಬಿರಬೇಕು. ಅದಕ್ಕೂ ಮೊದಲು ಬಿಎಚ್ ಅನ್ನುವ ನಡವಳಿಕೆ ಪರೀಕ್ಷೆ ಪಾಸಾಗಬೇಕು. ಅದರಲ್ಲಿ ರಸ್ತೆ, ಜನ, ಸೈಕಲ್, ಬೇರೆ ನಾಯಿಗಳ ನಡುವೆ ನಮ್ಮ ನಾಯಿ ಹೇಗಿರುತ್ತದೆ ಅಂತ ನೋಡುತ್ತಾರೆ. ಜನರ ನಡುವೆ ಸಮಾಧಾನವಾಗಿ ಇರಲಾರದ ನಾಯಿಗೆ ಕಚ್ಚುವ ಪರೀಕ್ಷೆಯ ಬಾಗಿಲೇ ತೆರೆಯುವುದಿಲ್ಲ.

ವಾಸನೆಯ ಭಾಗವನ್ನು ನಮ್ಮವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆದರೆ ನಮ್ಮ ಜಿಲ್ಲಾ ಪೊಲೀಸ್ ಶ್ವಾನದಳದ ತುಂಗಾಗೆ ಹೆಸರು ಬಂದಿದ್ದು ಮೂಗಿನಿಂದ. 2020ರಲ್ಲಿ ಚನ್ನಗಿರಿ ತಾಲ್ಲೂಕಿನ ಕೊಲೆ ಪ್ರಕರಣವೊಂದರಲ್ಲಿ ಆ ಡಾಬರ್‌ಮನ್ ಹತ್ತು ಕಿಲೋಮೀಟರ್‌ಗಿಂತ ಜಾಸ್ತಿ ಓಡಿ ಆರೋಪಿಯ ಸುಳಿವು ಕೊಟ್ಟಿತ್ತು.

ಇನ್ನು ರಕ್ಷಣೆಯ ಭಾಗ. ಮೈದಾನದಲ್ಲಿ ಆರು ಮರೆಗಳಿರುತ್ತವೆ. ಒಂದರಲ್ಲಿ ಹೆಲ್ಪರ್, ಅಂದರೆ ಕಳ್ಳನ ಪಾತ್ರ ಮಾಡುವವನು, ತೋಳಿಗೆ ಸ್ಲೀವ್ (ನಾಯಿ ಕಚ್ಚಲೆಂದೇ ಇರುವ ದಪ್ಪ ಕವಚ) ಹಾಕಿಕೊಂಡು ನಿಂತಿರುತ್ತಾನೆ. ನಾಯಿ ಅವನನ್ನು ಹುಡುಕಬೇಕು, ಕಚ್ಚದೆ ಎದುರಿಗೆ ನಿಂತು ಬೊಗಳಬೇಕು. ಅವನು ಓಡಿದರೆ ಅಥವಾ ಮೇಲೆ ಬಂದರೆ ಮಾತ್ರ ಸ್ಲೀವ್ ಹಿಡಿಯಬೇಕು. ಅವನು ನಿಂತ ಮೇಲೆ 'ಔಟ್' ಅಂದರೆ ಬಿಡಬೇಕು. ಬಿಡದಿದ್ದರೆ ಇನ್ನೆರಡು ಸಲ ಹೇಳಬಹುದು, ಅಂಕ ಕಡಿತವಾಗುತ್ತದೆ. ಆಗಲೂ ಬಿಡದಿದ್ದರೆ ನಾಯಿ ಪರೀಕ್ಷೆಯಿಂದಲೇ ಹೊರಗೆ. ಮುಳ್ಳು ಕಾಲರ್, ಶಾಕ್ ಕಾಲರ್ ಯಾವುದೂ ಪರೀಕ್ಷೆಯ ಮೈದಾನದೊಳಗೆ ಬರುವಂತಿಲ್ಲ. ನಾಯಿಯ ಕೊರಳಲ್ಲಿ ಒಂದೆಳೆಯ ಸಡಿಲ ಸರಪಳಿ, ನಿಮ್ಮ ಬಾಯಲ್ಲಿ ಒಂದು ಮಾತು. ಅಷ್ಟೇ.

ಕಲಿಕೆಯ ನಾಲ್ಕು ದಾರಿ

ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ವಿವರಿಸಿದ ನಾಲ್ಕು ದಾರಿಗಳನ್ನು ಬಾಯಿಪಾಠ ಮಾಡಬೇಡಿ. ಎರಡು ಪ್ರಶ್ನೆ ಕೇಳಿಕೊಳ್ಳಿ ಸಾಕು. ನಾನು ಏನಾದರೂ ಕೊಟ್ಟೆನೋ, ತೆಗೆದೆನೋ? ಅದರಿಂದ ನಾಯಿಯ ಆ ವರ್ತನೆ ಹೆಚ್ಚಾಯಿತೋ, ಕಡಿಮೆಯಾಯಿತೋ? ಕೂತಾಗ ತಿಂಡಿ ಕೊಟ್ಟರೆ ಕೂರುವುದು ಹೆಚ್ಚುತ್ತದೆ. ಹಾರಿದಾಗ ಆಟ ನಿಲ್ಲಿಸಿದರೆ ಹಾರುವುದು ಕಡಿಮೆಯಾಗುತ್ತದೆ. ಎಳೆದಾಗ ಚೋಕ್ ಚೈನ್ (ಎಳೆದರೆ ಕೊರಳಿಗೆ ಬಿಗಿಯುವ ಸರಪಳಿ) ಜಗ್ಗಿ ನೋವು ಕೊಟ್ಟರೆ ಎಳೆಯುವುದು ಕಡಿಮೆಯಾಗಬಹುದು. ಕಿವಿ ಹಿಂಡಿ ಹಿಡಿದು, ಬಾಯಿ ತೆರೆದ ಕೂಡಲೇ ಬಿಟ್ಟರೆ ಬಾಯಿ ತೆರೆಯುವುದು ಹೆಚ್ಚುತ್ತದೆ. ಕೊನೆಯದು ನೋಡಲು ಬಹುಮಾನದ ಹಾಗೆ ಕಾಣುತ್ತದೆ. ಆದರೆ ನೋವು ನಿಲ್ಲುವುದು ಬಹುಮಾನ ಆಗಬೇಕಾದರೆ ಮೊದಲು ನೋವು ಕೊಟ್ಟಿರಲೇಬೇಕು, ಅಲ್ವಾ? ಗಡಸು ಟ್ರೇನರ್‌ಗಳು ಜಾಸ್ತಿ ನೆಚ್ಚುವುದು ಇದನ್ನೇ.

ನೋವು ಕೊಡದೆ ಕಲಿಸುವ ಮೃದು ದಾರಿ ಅಂದರೆ ನಾಯಿ ಮಾಡಿದ್ದೆಲ್ಲ ಸರಿ ಅನ್ನುವುದಲ್ಲ. ಬೆಲ್ಟ್ (ನಾಯಿಯನ್ನು ಹಿಡಿದುಕೊಳ್ಳುವ ಹಗ್ಗ) ಇರುತ್ತದೆ, ನಿಯಮ ಇರುತ್ತದೆ, ತಪ್ಪಿದರೆ ಆಟ ನಿಲ್ಲುತ್ತದೆ. ಆಟಕ್ಕೆ ಪ್ರಾಣ ಕೊಡುವ ಮ್ಯಾಲಿನ್ವಾ ತಳಿಯ ನಾಯಿಗೆ ಆಟ ನಿಂತುಹೋಗುವುದು ಸಣ್ಣ ವಿಷಯ ಅಲ್ಲ.

ಗಡಸು ದಾರಿ ಎಲ್ಲಿಂದ ಬಂತು

ಜರ್ಮನ್ ಪೊಲೀಸ್ ನಾಯಿಗಳ ಟ್ರೇನರ್ ಕೊನ್ರಾಡ್ ಮೋಸ್ಟ್ 1910ರಲ್ಲಿ ಒಂದು ಕೈಪಿಡಿ ಬರೆದರು. ಸರಿಯಾದ ಕ್ಷಣ ಹಿಡಿಯಬೇಕು ಅನ್ನುವುದನ್ನು ಅವರು ಸ್ಕಿನ್ನರ್‌ಗಿಂತ ಎಷ್ಟೋ ವರ್ಷ ಮೊದಲೇ ಗುರುತಿಸಿದ್ದರು. ಅದಕ್ಕೆ ಗೌರವ ಕೊಡಲೇಬೇಕು. ಆದರೆ ಅವರ ಕಾಲದ ಸಾಧನಗಳು ಬೆತ್ತ ಮತ್ತು ಮುಳ್ಳಿನ ಪಟ್ಟಿ. ಎರಡು ಮಹಾಯುದ್ಧಗಳ ಕಾಲದ ಸೈನ್ಯಗಳಿಗೆ ಬೇಗ ತಯಾರಾಗುವ ನಾಯಿ ಬೇಕಿತ್ತು. ಆ ರೂಢಿ ಸೈನ್ಯದಿಂದ ಕ್ಲಬ್ಬಿಗೆ, ಕ್ಲಬ್ಬಿನಿಂದ ಮನೆಗೆ ಇಳಿಯಿತು.

ಶಿಕ್ಷೆಯಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ, ಆಗುತ್ತದೆ. ಅದಕ್ಕೆ ಮೂರು ಷರತ್ತು: ತಪ್ಪು ನಡೆದ ಕ್ಷಣದಲ್ಲೇ ಬರಬೇಕು, ಪ್ರತಿ ಸಲವೂ ಬರಬೇಕು, ಮೊದಲ ಸಲವೇ ಸಾಕಷ್ಟು ಜೋರಾಗಿರಬೇಕು. ಸ್ವಲ್ಪದಿಂದ ಶುರುಮಾಡಿ ಏರಿಸುತ್ತಾ ಹೋದರೆ ನಾಯಿ ನೋವಿಗೆ ಒಗ್ಗಿಕೊಳ್ಳುತ್ತದೆ, ಆಮೇಲೆ ಇನ್ನೂ ಜೋರು ಬೇಕಾಗುತ್ತದೆ. ಮೈದಾನದ ಗಡಿಬಿಡಿಯಲ್ಲಿ ಈ ಮೂರನ್ನೂ ಸರಿಯಾಗಿ ಪಾಲಿಸುವ ಕೈಗಳು ಬಹಳ ಅಪರೂಪ. ತಪ್ಪಿಸಿಕೊಳ್ಳಲಾಗದ ನೋವು ಮತ್ತೆ ಮತ್ತೆ ಬಂದರೆ ಏನಾಗುತ್ತದೆ ಅಂತ 1967ರಲ್ಲಿ ಮನೋವಿಜ್ಞಾನಿಗಳಾದ ಸೆಲಿಗ್‌ಮನ್ ಮತ್ತು ಮೇಯರ್ ನಾಯಿಗಳ ಮೇಲೇ ಪ್ರಯೋಗ ಮಾಡಿ ತೋರಿಸಿದರು. ಆಮೇಲೆ ದಾರಿ ಬಿಟ್ಟುಕೊಟ್ಟರೂ ಹೆಚ್ಚಿನ ನಾಯಿಗಳು ಸುಮ್ನೆ ಮಲಗಿ ಸಹಿಸಿಕೊಂಡವು. ಅಂಥ ನಾಯಿಯನ್ನು ನೋಡಿ "ಎಷ್ಟು ಡಿಸಿಪ್ಲಿನ್" ಅನ್ನುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

'ಔಟ್' ಎಂಬ ಪಾಠ

ಇಲ್ಲಿ ನಿಧಾನವಾಗಿ ಓದಿ.

ನಾಯಿ ಸ್ಲೀವ್ ಕಚ್ಚಿಕೊಂಡಿದೆ. ನೀವು ಹಿಂದಿನಿಂದ ಬೆಲ್ಟ್ ಎಳೆಯುತ್ತೀರಿ. ನಾಯಿ ಏನು ಮಾಡುತ್ತದೆ? ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಎಳೆತಕ್ಕೆ ಎದುರು ಎಳೆಯುವುದು ಅದರ ಸ್ವಭಾವ. ಮರಿಗಳಲ್ಲಿ ಹಿಡಿತ ಗಟ್ಟಿ ಮಾಡಲು ನಾವೇ ಬೇಕಂತಲೇ ಬೆಲ್ಟನ್ನು ಹಿಂದಕ್ಕೆ ಹಿಡಿದಿರುತ್ತೇವೆ. ಈಗ ಅದೇ ಕೈ, ಅದೇ ಬೆಲ್ಟ್, ಅದೇ ಎಳೆತ 'ಬಿಡು' ಅಂತ ಹೇಳಬೇಕಂತೆ. ನಾಯಿಗೆ ಹೇಗೆ ಗೊತ್ತಾಗಬೇಕು?

ಗಡಸು ಟ್ರೇನರ್ ಆಗ ನೋವು ಹೆಚ್ಚಿಸುತ್ತಾನೆ. ಆ ಹೊತ್ತಿನಲ್ಲಿ ನಾಯಿಯ ಮೈ ಜಗಳದ ಉದ್ವೇಗದಿಂದ ತುಂಬಿರುತ್ತದೆ. ನೋವು ಯಾರಿಂದ ಬಂತು ಅನ್ನುವ ಲೆಕ್ಕ ಅದರ ತಲೆಯಲ್ಲಿ ನಮ್ಮ ಹಾಗೆ ನಡೆಯುವುದಿಲ್ಲ. ಕೆಲವು ನಾಯಿಗಳು ಎದುರಿಗಿರುವ ಹೆಲ್ಪರ್‌ನಿಂದ ನೋವು ಬಂತು ಅಂದುಕೊಂಡು ಇನ್ನೂ ಜೋರಾಗಿ ಹೋರಾಡುತ್ತವೆ. ಕೆಲವು ತಿರುಗಿ ಯಜಮಾನನ ಕೈಗೇ ಬಾಯಿ ಹಾಕುತ್ತವೆ. ಇನ್ನು ಕೆಲವು ಬಿಡುತ್ತವೆ, ಆದರೆ ಮುಂದಿನ ಸಲ ಯಜಮಾನ ಹತ್ತಿರ ಬರುತ್ತಿದ್ದ ಹಾಗೆ ಕಣ್ಣು ಅವನ ಕಡೆ ಹೊರಳಿ ಹಿಡಿತ ಸಡಿಲವಾಗುತ್ತದೆ. ಇದರಲ್ಲಿ ಯಾವುದಕ್ಕೂ ಒಳ್ಳೆಯ ಅಂಕ ಬರುವುದಿಲ್ಲ.

ಈಗ ಇನ್ನೊಂದು ದಾರಿ. ಹೆಲ್ಪರ್ ಇಲ್ಲ, ಸ್ಲೀವ್ ಇಲ್ಲ. ಮನೆಯ ಅಂಗಳದಲ್ಲಿ ನೀವು, ನಾಯಿ, ಒಂದೇ ಥರದ ಎರಡು ಟಗ್ (ಕಚ್ಚಿ ಜಗ್ಗಾಡುವ ಆಟಿಕೆ). ನಾಯಿ ಒಂದನ್ನು ಹಿಡಿದು ಎಳೆಯಲಿ, ಚೆನ್ನಾಗಿ ಆಡಿ. ಆಮೇಲೆ ಟಗ್ಗನ್ನು ನಿಮ್ಮ ತೊಡೆಗೆ ಒತ್ತಿ ಹಿಡಿದು ಅಲ್ಲಾಡದೆ ನಿಲ್ಲಿ. ಕೈ ಅಲ್ಲಾಡಬಾರದು, ಮಾತು ಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದೂ ಬೇಡ. ನಾಯಿಯ ಪಾಲಿಗೆ ಬೇಟೆ ಸತ್ತುಹೋಯಿತು. ನಾಯಿ ಸ್ವಲ್ಪ ಹೊತ್ತು ಜಗ್ಗುತ್ತದೆ, ಗುರ್ ಅನ್ನುತ್ತದೆ, ಆಮೇಲೆ ದವಡೆ ಸಡಿಲವಾಗುತ್ತದೆ. ಬಾಯಿ ಬಿಟ್ಟ ಕ್ಷಣಕ್ಕೆ 'ಎಸ್' ಅನ್ನಿ, ಇನ್ನೊಂದು ಟಗ್ಗಿಗೆ ಜೀವ ಬರಿಸಿ, ಕಚ್ಚಲು ಕೊಡಿ. 'ಎಸ್' ಒಂದು ಸೆಕೆಂಡ್ ತಡವಾದರೂ ನೀವು ಬೇರೇನನ್ನೋ ಕಲಿಸಿದ ಹಾಗೆ.

ನಾಲ್ಕಾರು ದಿನದಲ್ಲಿ ನಾಯಿ ಬಿಡುವುದನ್ನು ತಾನೇ ಮುಂದಾಗಿ ಮಾಡುತ್ತದೆ. ಬಿಡುತ್ತದೆ ಅಂತ ನಿಮಗೆ ಮೊದಲೇ ಗೊತ್ತಾಗುವ ಹಂತ ಬಂದಾಗ ಮಾತು ಸೇರಿಸಿ: ಮೊದಲು 'ಔಟ್', ಆಮೇಲೆ ನಿಶ್ಚಲ, ಆಮೇಲೆ ಬಿಡುವುದು, ಕೂಡಲೇ ಮತ್ತೆ ಕಚ್ಚು. 'ಔಟ್' ಕೂಗಿ ಹೇಳಬೇಕಾಗಿಲ್ಲ. ನಾಯಿಯ ಕಿವಿ ನಮಗಿಂತ ಚುರುಕು.

ಇದನ್ನು ಮೈದಾನಕ್ಕೆ ಒಯ್ಯುವಾಗ ಹೆಲ್ಪರ್‌ನ ಪಾಲು ದೊಡ್ಡದು. ನೀವು 'ಔಟ್' ಅಂದಾಗ ಅವನು ಸ್ಲೀವ್ ಅಲ್ಲಾಡಿಸದೆ ನಿಲ್ಲಬೇಕು. ನಾಯಿ ಬಿಟ್ಟು ಬೊಗಳಿದರೆ ಅವನು ಮತ್ತೆ ಚಲಿಸಿ ಕಚ್ಚಲು ಕೊಡಬೇಕು. ಬಿಟ್ಟರೆ ಆಟ ಮುಗಿಯುತ್ತದೆ ಅನ್ನುವ ಭಯ ನಾಯಿಯ ತಲೆಯಿಂದ ಹೋಗಬೇಕು, ಬಿಟ್ಟರೆ ಮತ್ತೆ ಸಿಗುತ್ತದೆ ಅನ್ನುವುದು ಕೂರಬೇಕು. ಪ್ರತಿ 'ಔಟ್' ಆದ ಮೇಲೂ ಮನೆಗೆ ಕರೆದುಕೊಂಡು ಹೋದರೆ ಎಂಥ ನಾಯಿಯೂ ಬಿಡಲು ಹಿಂದೇಟು ಹಾಕುತ್ತದೆ. ಇಲ್ಲಿ ಬಹುಮಾನ ಬಿಸ್ಕತ್ತಲ್ಲ, ಆ ಕಚ್ಚುವಿಕೆಯೇ.

ಹಿಡಿತ ನೋಡಿ ಮನಸ್ಸು ಓದುವುದು

ಧೈರ್ಯದ ನಾಯಿ ಬಾಯಿ ತುಂಬ ಹಿಡಿಯುತ್ತದೆ, ದವಡೆಯ ಹಲ್ಲಿನವರೆಗೂ. ಹಿಡಿದ ಮೇಲೆ ಶಾಂತವಾಗಿರುತ್ತದೆ. ಹೆದರಿದ ನಾಯಿ ಮುಂದಿನ ಹಲ್ಲಿನಲ್ಲಿ ಹಿಡಿದು, ಬಿಟ್ಟು, ಮತ್ತೆ ಹಿಡಿದು, ಗುರುಗುಟ್ಟುತ್ತದೆ. ಕಣ್ಣಿನ ಬಿಳಿ ಕಾಣುತ್ತದೆ. ನೋಡುವವರಿಗೆ ಎರಡನೆಯದೇ ಜಾಸ್ತಿ ಉಗ್ರ ಅನ್ನಿಸುತ್ತದೆ, ವಿಡಿಯೊದಲ್ಲಿ ಚಪ್ಪಾಳೆ ಬೀಳುವುದೂ ಅದಕ್ಕೇ. ಬಲ್ಲವರು ಅದನ್ನು ಹೊಗಳುವುದಿಲ್ಲ. ಕಟ್ಟಿಹಾಕಿ ಕೆಣಕಿ ಬೆಳೆಸಿದ ನಾಯಿಯಲ್ಲಿ ಈ ಎರಡನೆಯ ಥರವೇ ಹೆಚ್ಚು. ಅದು ಕಳ್ಳನನ್ನೂ ಕಚ್ಚಬಹುದು, ಹಾಲು ಹಾಕಲು ಬಂದವರನ್ನೂ ಕಚ್ಚಬಹುದು. ಅದಕ್ಕೆ ಎರಡೂ ಒಂದೇ ಭಯ.

ನಾಲಿಗೆಯಿಂದ ಮೂಗು ನೆಕ್ಕುವುದು, ಹೊತ್ತಲ್ಲದ ಹೊತ್ತಿನಲ್ಲಿ ಆಕಳಿಕೆ, ಕಿವಿ ಹಿಂದಕ್ಕೆ, ಮುಂಗಾಲು ಎತ್ತುವುದು, ಮೈ ತಗ್ಗಿಸುವುದು. ಇವು ಒಂದೊಂದಾಗಿ ಏನನ್ನೂ ಸಾಬೀತು ಮಾಡುವುದಿಲ್ಲ. ಒಟ್ಟಿಗೆ ಬಂದರೆ ಪಾಠ ನಿಲ್ಲಿಸಿ.

ಅಧ್ಯಯನಗಳು ಏನು ಹೇಳುತ್ತವೆ

2004ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರಾದ ಶಿಲ್ಡರ್ ಮತ್ತು ಫಾನ್ ಡೆರ್ ಬೋರ್ಗ್, ರಕ್ಷಣಾ ತರಬೇತಿಯ ಜರ್ಮನ್ ಶೆಫರ್ಡ್‌ಗಳನ್ನೇ ನೋಡಿದರು. ಶಾಕ್ ಕಾಲರ್ ಹಾಕಿಸಿಕೊಂಡು ಕಲಿತ ನಾಯಿಗಳು ಪಾರ್ಕಿನಲ್ಲಿ ಸುಮ್ನೆ ಅಡ್ಡಾಡುವಾಗಲೂ ಜಾಸ್ತಿ ಒತ್ತಡ ತೋರಿಸಿದವು. ಯಜಮಾನ ಜೊತೆಗಿದ್ದರೆ ಶಾಕ್ ಬರುತ್ತದೆ ಅಂತ ಅವು ಕಲಿತಿದ್ದವು. ಹೋಲಿಕೆಗೆ ತೆಗೆದುಕೊಂಡ ನಾಯಿಗಳ ತರಬೇತಿಯೂ ಮೃದುವಾಗೇನೂ ಇರಲಿಲ್ಲ. ಅಷ್ಟಾದರೂ ವ್ಯತ್ಯಾಸ ಕಂಡಿತು. 2008ರಲ್ಲಿ ಬೆಲ್ಜಿಯಂ ಸೈನ್ಯದ ನಾಯಿಗಳಲ್ಲಿ, ಹೆಚ್ಚು ಶಿಕ್ಷೆ ಪಡೆದವುಗಳ ಕೆಲಸವೇ ಕಳಪೆ ಅಂತ ಕಂಡುಬಂತು. ಇದನ್ನು ಎಚ್ಚರಿಕೆಯಿಂದ ಓದಬೇಕು. ಶಿಕ್ಷೆಯಿಂದ ಕೆಲಸ ಕೆಟ್ಟಿತೋ, ಕೆಲಸ ಕೆಟ್ಟಿದ್ದಕ್ಕೆ ಶಿಕ್ಷೆ ಹೆಚ್ಚಿತೋ? ಎರಡೂ ಸೇರಿರಬಹುದು.

ಇನ್ನೊಂದು ಕಡೆಯವರು ತೋರಿಸುವ ಅಧ್ಯಯನವೂ ಇದೆ. 2012ರಲ್ಲಿ ಪ್ರಕಟವಾದ ಜರ್ಮನ್ ಪೊಲೀಸ್ ನಾಯಿಗಳ ಅಧ್ಯಯನದಲ್ಲಿ, ನೋವಿಲ್ಲದೆ ನಿಲ್ಲಿಸುವ ಸಂಕೇತ ಬಹಳ ಕಡಿಮೆ ನಾಯಿಗಳಲ್ಲಿ ಕೆಲಸ ಮಾಡಿತು. ನನ್ನ ಮಟ್ಟಿಗೆ ಇದು ಮೃದು ದಾರಿಯ ಸೋಲಲ್ಲ, ತಡವಾಗಿ ಶುರುಮಾಡುವುದರ ಸೋಲು. ಮರಿಯಿದ್ದಾಗ ತಣ್ಣಗಿನ ಹೊತ್ತಿನಲ್ಲಿ ಕಟ್ಟದ ಅಭ್ಯಾಸವನ್ನು ಬೆಳೆದ ನಾಯಿಯ ಉದ್ವೇಗದ ನಡುವೆ ಕೇಳಿದರೆ ಸಿಗುವುದು ಕಷ್ಟ. ಜರ್ಮನಿಯಲ್ಲಂತೂ ತರಬೇತಿಗೆ ಶಾಕ್ ಕಾಲರ್ ಬಳಸುವಂತಿಲ್ಲ ಅಂತ 2006ರಲ್ಲೇ ಕೋರ್ಟ್ ತೀರ್ಪು ಬಂದಿದೆ. ಕ್ರೀಡೆಯ ತವರಿನಲ್ಲೇ ಹೀಗಿದೆ.

ನಮ್ಮ ಊರಿನ ಮಟ್ಟಿಗೆ

ದಾವಣಗೆರೆ, ಚಿತ್ರದುರ್ಗದ ಬೇಸಿಗೆಯಲ್ಲಿ ಕಚ್ಚುವ ಅಭ್ಯಾಸ ಬಿಸಿಲೇರುವ ಮೊದಲೇ ಮುಗಿಯಬೇಕು. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ. ಕೊರಳಿಗೆ ಚೋಕ್ ಚೈನ್ ಬಿಗಿದರೆ ಆ ದಾರಿಗೇ ಅಡ್ಡ ಹಾಕಿದ ಹಾಗೆ. ಅಗಲ ಪಟ್ಟಿ ಅಥವಾ ಎದೆಗೆ ಹಾಕುವ ಹಾರ್ನೆಸ್ ಇರಲಿ. ಮರಿಯ ಹಲ್ಲು ಬೀಳುವ ಕಾಲದಲ್ಲಿ, ಸುಮಾರು ನಾಲ್ಕರಿಂದ ಆರು ತಿಂಗಳವರೆಗೆ, ಜಗ್ಗಾಟ ಬೇಡ. ಆಗ ಬಾಯಲ್ಲಿ ನೋವಾದರೆ ಕಚ್ಚುವುದೇ ಕೆಟ್ಟದ್ದು ಅಂತ ಕಲಿತುಬಿಡುತ್ತದೆ.

ಕಾನೂನಿನ ಮಾತು ಬಂದರೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಪ್ರಾಣಿಯನ್ನು ಹೊಡೆದು, ಒದ್ದು ಹಿಂಸಿಸುವುದು ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಈ ಮೊತ್ತ ನೋಡಿದರೆ ಬೇಸರವಾಗುತ್ತದೆ, ಆದರೂ ಅಪರಾಧ ಅಪರಾಧವೇ.

ನಾಯಿಯನ್ನು ಯಾರ ಹತ್ತಿರ ಕಳಿಸಬೇಕು ಅಂತ ಹೊಸಬರು ಕೇಳುತ್ತಿರುತ್ತೀರಿ. ಹೋಗಿ ನೋಡಿ. ಅವರ ಮಾತು ಕೇಳುವುದಕ್ಕಿಂತ ಅಲ್ಲಿರುವ ನಾಯಿಗಳನ್ನು ನೋಡಿ. ಟ್ರೇನರ್ ಬೆಲ್ಟ್ ಕೈಗೆತ್ತಿಕೊಂಡಾಗ ನಾಯಿ ಬಾಲ ಆಡಿಸುತ್ತಾ ಹತ್ತಿರ ಬರುತ್ತದೋ, ಮೈ ತಗ್ಗಿಸಿ ಹಿಂದೆ ಸರಿಯುತ್ತದೋ? "ಒಂದು ತಿಂಗಳು ಬಿಟ್ಟು ಹೋಗಿ, ಮಧ್ಯೆ ಬಂದು ನೋಡಬೇಡಿ" ಅಂದರೆ ನಾಯಿಯನ್ನು ವಾಪಸ್ ಕರೆದುಕೊಂಡು ಬನ್ನಿ. 'ಔಟ್' ಅನ್ನಬೇಕಾದವರು ನೀವು. ಅದನ್ನು ಕಲಿಸುವಾಗ ಬೆಲ್ಟಿನ ಇನ್ನೊಂದು ತುದಿ ನಿಮ್ಮ ಕೈಯಲ್ಲೇ ಇರಬೇಕು.