ರ‍್ಯಾಂಪ್ ಮೇಲಿನ ಉಡುಪು ಯಾರೂ ತೊಡುವುದಿಲ್ಲವಲ್ಲ, ವಿಮರ್ಶಕರು ಏನನ್ನು ನೋಡುತ್ತಾರೆ?

ಪ್ರಶ್ನೆ: ಫ್ಯಾಷನ್ ವೀಕ್ ಫೋಟೊಗಳಲ್ಲಿ ಕಾಣುವುದು ಬೀದಿಯಲ್ಲಿ ಯಾರೂ ಹಾಕಿಕೊಂಡು ಓಡಾಡಲಾಗದ ಬಟ್ಟೆಗಳು. ಹಾಗಿದ್ದೂ ವಿಮರ್ಶಕರು ಒಂದು ಕಲೆಕ್ಷನ್ ಚೆನ್ನಾಗಿದೆ ಅನ್ನುವುದು ಯಾವ ಆಧಾರದ ಮೇಲೆ? ಮುಂದಿನ ಟ್ರೆಂಡ್ ಇದೇ ಎಂದು ಅವರಿಗೆ ಹೇಗೆ ಗೊತ್ತಾಗುತ್ತದೆ?

ಉತ್ತರ: ನಿಮ್ಮವರೆಗೆ ಬರುವ ಫೋಟೊಗಳು ಆರಿಸಿ ತೆಗೆದವು. ಹತ್ತು–ಹದಿನೈದು ನಿಮಿಷದ ಶೋನಲ್ಲಿ ಹತ್ತಾರು ಉಡುಪುಗಳು ಹಾದುಹೋಗುತ್ತವೆ. ಕಣ್ಣು ಕುಕ್ಕುವ ಒಂದೆರಡು ಮಾತ್ರ ಸುದ್ದಿಯಾಗುತ್ತವೆ. ಉಳಿದವು ಕೋಟು, ಪ್ಯಾಂಟು, ಅಂಗಿಗಳೇ. ಡಿಸೈನರ್‌ನ ಕೈ ಎಷ್ಟು ಪಳಗಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ: ತೋಳು ಭುಜಕ್ಕೆ ಸೇರುವ ಜಾಗ, ನಡೆಯುವಾಗ ಬಟ್ಟೆ ಬೀಳುವ ರೀತಿ, ಬೆನ್ನಿನ ಕಡೆಯ ಹೊಲಿಗೆ. ಅದಕ್ಕೇ ಅನೇಕ ವಿಮರ್ಶಕರು ಶೋ ಮುಗಿದ ಮೇಲೆ ಶೋರೂಮಿಗೆ ಹೋಗಿ ಬಟ್ಟೆಯನ್ನು ಮುಟ್ಟಿ, ಒಳಮಗ್ಗುಲು ತಿರುಗಿಸಿ ನೋಡುತ್ತಾರೆ.

ಇನ್ನು ಆ ವಿಚಿತ್ರ ಉಡುಪುಗಳ ಮಾತು. 1990ರ ದಶಕದ ಆರಂಭದಲ್ಲಿ ಬ್ರಿಟಿಷ್ ಡಿಸೈನರ್ ಅಲೆಕ್ಸಾಂಡರ್ ಮೆಕ್‌ಕ್ವೀನ್ ಲಂಡನ್ನಿನಲ್ಲಿ ‘ಬಮ್‌ಸ್ಟರ್’ ಪ್ಯಾಂಟು ತೋರಿಸಿದಾಗ ಜನ ಹೌಹಾರಿದರು. ಸೊಂಟಪಟ್ಟಿ ಅಷ್ಟು ಕೆಳಗಿತ್ತು. ಮುಂಡ ಉದ್ದವಾಗಿ ಕಾಣಬೇಕು ಎಂಬುದು ಅವರ ಉದ್ದೇಶ. ಆ ಪ್ಯಾಂಟು ಎಲ್ಲರ ಉಡುಪಾಗಲಿಲ್ಲ, ಆದರೆ ಕೆಲವೇ ವರ್ಷಗಳಲ್ಲಿ ಲೋ ವೇಸ್ಟ್ ಜೀನ್ಸ್ ಎಲ್ಲೆಲ್ಲೂ ಕಾಣತೊಡಗಿತು. ‘ಇದನ್ನು ಯಾರು ಹಾಕುತ್ತಾರೆ’ ಎಂದಷ್ಟೇ ಕೇಳಿದವರಿಗೆ ಸೊಂಟದ ಗೆರೆ ಕೆಳಗಿಳಿದದ್ದು ಕಂಡಿರಲಾರದು.

2022ರ ಸೆಪ್ಟೆಂಬರ್ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಕೋಪರ್ನಿ ಬ್ರ್ಯಾಂಡ್ ಮಾಡಿದ್ದು ಬೇರೆಯೇ ಬಗೆಯದು. ಮಾಡೆಲ್ ಬೆಲ್ಲಾ ಹದೀದ್ ಮೈಮೇಲೆ ದ್ರವ ಸಿಂಪಡಿಸಿ ವೇದಿಕೆಯಲ್ಲೇ ಬಿಳಿ ಡ್ರೆಸ್ ಮೂಡಿಸಿದರು. ನೋಡಲು ನಿಜಕ್ಕೂ ಅದ್ಭುತ. ಆದರೆ ಆ ಡ್ರೆಸ್ಸಿನ ಆಕಾರ ನಮಗೆ ಮೊದಲೇ ಪರಿಚಿತ. ಇನ್ನೊಬ್ಬ ಡಿಸೈನರ್ ಎತ್ತಿಕೊಂಡು ಮುಂದುವರಿಸಬಹುದಾದ ಕಟ್ಟಿಂಗ್ ಅದರಲ್ಲಿರಲಿಲ್ಲ. ಅದನ್ನು ಒಳ್ಳೆಯ ಪ್ರದರ್ಶನ ಎಂದೇನೋ ಹೊಗಳುತ್ತೇನೆ, ಟ್ರೆಂಡ್ ಎಂದು ಮಾತ್ರ ಬರೆಯಲಾರೆ.

ಟ್ರೆಂಡ್ ಗುರುತಿಸುವಲ್ಲಿ ನಾನು ತುಂಬ ಎಚ್ಚರ ವಹಿಸುವುದು ಬಣ್ಣ ಮತ್ತು ಬಟ್ಟೆಯ ವಿಷಯದಲ್ಲಿ. ಐದಾರು ಡಿಸೈನರ್‌ಗಳು ಒಂದೇ ಋತುವಿನಲ್ಲಿ ಒಂದೇ ಕಂದು ಬಣ್ಣದ ಸ್ವೀಡ್ (ಮಖಮಲ್ಲಿನಂಥ ಮೆತ್ತನೆಯ ಚರ್ಮ) ತಂದರೆ ಅದು ಕಾಕತಾಳೀಯ ಆಗಿರಬೇಕಿಲ್ಲ. ಶೋಗಳು ಅಂಗಡಿಗಿಂತ ಸುಮಾರು ಆರು ತಿಂಗಳು ಮುಂದಿರುತ್ತವೆ: ಫೆಬ್ರವರಿ–ಮಾರ್ಚ್‌ನಲ್ಲಿ ಬರುವ ಚಳಿಗಾಲದ್ದು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬರುವ ಬೇಸಿಗೆಯದು. ಬಟ್ಟೆ ಗಿರಣಿಗಳು ಇನ್ನೂ ಮುಂದೆ. ಪ್ಯಾರಿಸ್‌ನ ಪ್ರೆಮಿಯೇರ್ ವಿಷನ್‌ನಂಥ ಬಟ್ಟೆ ಮೇಳಗಳಲ್ಲಿ ಡಿಸೈನರ್‌ಗಳೆಲ್ಲ ಅದೇ ಮಾದರಿಗಳನ್ನು ನೋಡಿರುತ್ತಾರೆ. ಹಾಗಾಗಿ ಬಣ್ಣ ಹೊಂದಿತು ಎಂಬುದಕ್ಕೆ ಹೆಚ್ಚು ತೂಕ ಕೊಡಬೇಡಿ. ಸ್ವಭಾವದಲ್ಲಿ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಡಿಸೈನರ್‌ಗಳು ಭುಜವನ್ನು ಅಗಲಿಸುತ್ತಿದ್ದರೆ, ಮುಂದಿನ ಋತುವಿನಲ್ಲೂ ಬಿಡದಿದ್ದರೆ, ಆಗ ಪೆನ್ನು ಕೈಗೆತ್ತಿಕೊಳ್ಳಬಹುದು.

ವಿಮರ್ಶಕರೂ ಎಡವುತ್ತಾರೆ. 1971ರ ಜನವರಿಯಲ್ಲಿ ಪ್ಯಾರಿಸ್ಸಿನ ಡಿಸೈನರ್ ಈವ್ ಸಾಂ ಲೊರಾಂ 1940ರ ದಶಕದ ನೆನಪಿನ ಕಲೆಕ್ಷನ್ ತಂದರು: ಚೌಕ ಭುಜ, ಗಿಡ್ಡ ಲಂಗ, ದಪ್ಪ ಅಟ್ಟೆಯ ಶೂ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ವಶದಲ್ಲಿದ್ದ ಪ್ಯಾರಿಸ್ಸನ್ನು ಅದು ನೆನಪಿಸಿದ್ದರಿಂದ ಪತ್ರಿಕೆಗಳು ಕೆಂಡ ಕಾರಿದವು. ಆದರೆ ಹಳೆಯ ಕಾಲದ ಉಡುಪನ್ನು ಮತ್ತೆ ತೊಡುವ ಒಲವು ಆ ದಶಕದಲ್ಲಿ ಬೆಳೆಯುತ್ತಲೇ ಹೋಯಿತು. ಅಂದಿನ ವರದಿಗಳಲ್ಲಿ ಇಂದಿಗೂ ಉಪಯೋಗಕ್ಕೆ ಬರುವುದು ಭುಜ ಹೇಗಿತ್ತು, ಲಂಗ ಎಲ್ಲಿಗೆ ನಿಂತಿತ್ತು ಎಂದು ಬರೆದ ಸಾಲುಗಳು. ನೀವು ವಿಮರ್ಶೆ ಓದುವಾಗಲೂ ಮೊದಲು ಅಂಥ ಸಾಲುಗಳನ್ನು ಹುಡುಕಿ.