ತೇವದ ತಿರುಳಿಗೆ ಹುರಿದ ಘಮ: ಹೋಜಿಚಾ ಬೆರೆತ ಬಾಳೆಹಣ್ಣಿನ ಬ್ರೆಡ್

ಓವನ್ನಿನಿಂದ ಹೊರಬಂದ ಯಾವುದೇ ಬ್ರೆಡ್ಡನ್ನು ಅಡ್ಡಲಾಗಿ ಕೊಯ್ದು ನೋಡಿದರೆ, ಹೊರಗಿನ ಕಂದು ಪದರಕ್ಕೂ ಒಳಗಿನ ಮೆತ್ತನೆಯ ತಿರುಳಿಗೂ ಇರುವ ಅಂತರ ಬಣ್ಣದ್ದು ಮಾತ್ರವಲ್ಲ ಎಂಬುದು ಮೂಗಿಗೇ ತಿಳಿಯುತ್ತದೆ. ಹುರಿದ ಘಮ ಹೊರಪದರದಲ್ಲಿ ಮಾತ್ರ ಇರುತ್ತದೆ. ಒಂದೇ ಹಿಟ್ಟು ಒಂದೇ ಓವನ್ನಿನಲ್ಲಿ ಒಂದೇ ಹೊತ್ತು ಬೆಂದರೂ ಹೀಗಾಗುವುದಕ್ಕೆ ಕಾರಣ ನೀರು. ಓವನ್ನಿನ ಉಷ್ಣತೆ 175 ಡಿಗ್ರಿ ಸೆಲ್ಸಿಯಸ್ ಇದ್ದರೂ, ತಿರುಳಿನಲ್ಲಿ ನೀರು ಉಳಿದಿರುವವರೆಗೆ ಅಲ್ಲಿಯ ಉಷ್ಣತೆ 100 ಡಿಗ್ರಿಯನ್ನು ದಾಟುವುದಿಲ್ಲ. ಅಮೈನೋ ಆಮ್ಲಗಳೂ ಸಕ್ಕರೆಗಳೂ ಕೂಡಿ ಕಂದು ಬಣ್ಣವನ್ನೂ ಹುರಿದ ಪರಿಮಳವನ್ನೂ ಉಂಟುಮಾಡುವ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಾಮಿಲ್ ಮೈಲಾರ್ಡ್ 1912ರಲ್ಲಿ ವಿವರಿಸಿದರು. ಅವರ ಹೆಸರಿನಿಂದಲೇ ಕರೆಯಲಾಗುವ ಈ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿಯ ಆಚೆಗೆ, ಅದೂ ಮೇಲ್ಮೈ ಒಣಗಿದ ಮೇಲೆ.

ಬಾಳೆಹಣ್ಣಿನ ಬ್ರೆಡ್ಡಿನಲ್ಲಿ ಈ ಅಂತರ ಇನ್ನೂ ಎದ್ದು ಕಾಣುತ್ತದೆ. ಹಣ್ಣಿನ ತೂಕದ ಮುಕ್ಕಾಲು ಪಾಲು ನೀರೇ ಆಗಿರುವುದರಿಂದ ತಿರುಳು ಕೊನೆಯವರೆಗೂ ತೇವವಾಗಿಯೇ ಇರುತ್ತದೆ. ಸಿಹಿ ಧಾರಾಳವಾಗಿದ್ದರೂ ಆ ಸಿಹಿಗೆ ಎದುರಾಗಿ ನಿಲ್ಲುವ ಗಟ್ಟಿ ರುಚಿಯೊಂದು ಅಲ್ಲಿರುವುದಿಲ್ಲ. ಜಪಾನಿನ ಹುರಿದ ಹಸಿರು ಚಹಾ, ಅಂದರೆ ಹೋಜಿಚಾ, ಇಲ್ಲಿ ಒದಗಿಬರುತ್ತದೆ. ತಿರುಳು ತಾನಾಗಿ ಹುಟ್ಟಿಸಿಕೊಳ್ಳಲಾರದ ಪರಿಮಳವನ್ನು, ಬೇರೆಡೆ ಒಣಶಾಖದಲ್ಲಿ ಮೊದಲೇ ಸಿದ್ಧಪಡಿಸಿ ಹಿಟ್ಟಿನೊಳಗೆ ಸೇರಿಸಿದಂತಾಗುತ್ತದೆ.

ಹೋಜಿಚಾ ಇಂದಿನ ರೂಪದಲ್ಲಿ ಬಳಕೆಗೆ ಬಂದದ್ದು 1920ರ ದಶಕದ ಕ್ಯೋಟೋದಲ್ಲಿ ಎನ್ನುವುದು ವಾಡಿಕೆ. ಅದಕ್ಕೆ ಹೆಚ್ಚಾಗಿ ಬಳಸುವುದು ಎಳೆಯ ಚಿಗುರನ್ನಲ್ಲ. ತಡವಾಗಿ ಕೊಯ್ದ ಬಲಿತ ಎಲೆ, ಅಂದರೆ ಬಾಂಚಾ, ಮತ್ತು ಎಲೆಗಳಿಂದ ಬೇರ್ಪಡಿಸಿದ ದೇಟು, ಕಡ್ಡಿಗಳನ್ನು. ಕಾನಾಜಾವಾ ಊರಿನ ಹೆಸರಾಂತ ಕಾಗಾ ಬೋಚಾ ಎಂಬ ಹೋಜಿಚಾ ಪೂರ್ತಿ ಕಡ್ಡಿಯಿಂದಲೇ ಆದದ್ದು. ಕಡ್ಡಿ ಎಂದು ಅದನ್ನು ಕೀಳಾಗಿ ಕಾಣುವಂತಿಲ್ಲ. ಚಹಾ ಗಿಡದ ಬೇರಿನಲ್ಲಿ ತಯಾರಾಗುವ ಥಿಯಾನೀನ್ ಎಂಬ ಅಮೈನೋ ಆಮ್ಲ ಕಾಂಡದ ಮೂಲಕ ಎಲೆಗೆ ಏರುತ್ತದೆ. ಬಿಸಿಲು ಬಿದ್ದ ಎಲೆಯಲ್ಲಿ ಅದು ಒಡೆದು, ಅದರ ಒಂದು ಭಾಗ ಒಗರು ರುಚಿಯ ಕ್ಯಾಟೆಕಿನ್‌ಗಳ ತಯಾರಿಕೆಗೆ ಹೋಗುತ್ತದೆ. ಕಡ್ಡಿಯಲ್ಲಿ ಥಿಯಾನೀನ್ ಹೆಚ್ಚಾಗಿಯೂ ಕ್ಯಾಟೆಕಿನ್ ಕಡಿಮೆಯಾಗಿಯೂ ಇರುವುದು ಇದರಿಂದಲೇ. ಹುರಿಯುವವನಿಗೆ ಬೇಕಾದದ್ದು ಕೂಡ ಇದೇ ಹೊಂದಾಣಿಕೆ.

ಕೊಯ್ದ ಎಲೆಯನ್ನು ಮೊದಲು ಹಬೆಯಲ್ಲಿ ಬಾಡಿಸುತ್ತಾರೆ. ಎಲೆಯನ್ನು ಕಪ್ಪಾಗಿಸುವ ಕಿಣ್ವಗಳು ಆ ಬಿಸಿಗೆ ನಿಷ್ಕ್ರಿಯವಾಗುವುದರಿಂದ ಎಲೆ ಹಸಿರಾಗಿಯೇ ಒಣಗುತ್ತದೆ. ಹೀಗೆ ಒಣಗಿದ ಚಹಾವನ್ನು 200 ಡಿಗ್ರಿಯ ಆಸುಪಾಸಿನಲ್ಲಿ ಕೆಲವೇ ನಿಮಿಷ ಹುರಿದಾಗ ಪತ್ರಹರಿತ್ತು ತನ್ನ ಮೆಗ್ನೀಷಿಯಮ್ ಕಳೆದುಕೊಂಡು ಕಂದಾಗುತ್ತದೆ, ಕ್ಯಾಟೆಕಿನ್‌ಗಳು ಕುಗ್ಗುತ್ತವೆ, ಕೆಫೀನ್‌ನ ಒಂದಂಶ ಆವಿಯಾಗಿ ಹೊರಟುಹೋಗುತ್ತದೆ. ಥಿಯಾನೀನ್ ಮೊದಲಾದ ಅಮೈನೋ ಆಮ್ಲಗಳು ಎಲೆಯ ಸಕ್ಕರೆಗಳೊಂದಿಗೆ ಕೂಡಿ ಪೈರಜೀನ್‌ಗಳೆಂಬ ಸಂಯುಕ್ತಗಳಾಗುತ್ತವೆ. ಹುರಿದ ಕಾಫಿ, ಕೋಕೋ, ಕಡಲೆಕಾಯಿಗಳ ಘಮಕ್ಕೂ ಇವೇ ಆಧಾರ. ಹಾಗಾಗಿ ಹೋಜಿಚಾದ ಡಬ್ಬಿ ತೆರೆದಾಗ ಚಹಾಕ್ಕಿಂತ ಮೊದಲು ಕಾಫಿಯ ನೆನಪಾಗುವುದು ಸಹಜವೇ.

ಬೇಕಿಂಗಿಗೆ ಮಚ್ಚಾಕ್ಕಿಂತ, ಅಂದರೆ ಜಪಾನಿನ ನುಣ್ಣನೆಯ ಹಸಿರು ಚಹಾಪುಡಿಗಿಂತ, ಹೋಜಿಚಾ ಮೇಲು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಮಚ್ಚಾದ ಚೆಲುವಿರುವುದು ಅದರ ಹಸಿರಿನಲ್ಲಿ, ಮತ್ತು ಓವನ್ನಿನ ಬಿಸಿಗೆ ಮೊದಲು ಮಂಕಾಗುವುದು ಆ ಹಸಿರೇ. ಶಾಖವನ್ನು ಒಮ್ಮೆ ಚೆನ್ನಾಗಿ ಕಂಡ ಹೋಜಿಚಾಕ್ಕೆ ಕಳೆದುಕೊಳ್ಳಲು ಹಸಿರೂ ಇಲ್ಲ, ಹೆಚ್ಚು ಒಗರೂ ಇಲ್ಲ.

ಇನ್ನು ಹಣ್ಣಿನ ವಿಚಾರ. ಕಾಯಿಯಾಗಿದ್ದಾಗ ಶೇ. 20ರಷ್ಟಿದ್ದ ಪಿಷ್ಟ, ಎಥಿಲೀನ್ ಅನಿಲದ ಪ್ರೇರಣೆಯಿಂದ ಹಣ್ಣಾಗುತ್ತಾ ಬಂದಂತೆ ಸಕ್ಕರೆಯಾಗಿ ಒಡೆದು ಶೇ. 1–2ಕ್ಕೆ ಇಳಿಯುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ದಟ್ಟವಾದ ಹಣ್ಣೇ ಬ್ರೆಡ್ಡಿಗೆ ಬೇಕು. ಬಾಳೆಯ ಗುರುತಿನ ಪರಿಮಳವಾದ ಐಸೋಅಮೈಲ್ ಅಸಿಟೇಟ್ ಸುಲಭವಾಗಿ ಹಾರಿಹೋಗುವ ವಸ್ತುವಾದ್ದರಿಂದ ಬೇಯುವಾಗ ಅದರ ಒಂದಷ್ಟು ಭಾಗ ಹಬೆಯೊಡನೆ ಹೊರಟುಹೋಗುತ್ತದೆ. ಪೈರಜೀನ್‌ಗಳೂ ಸ್ವಲ್ಪ ಹಾರಿಹೋಗುತ್ತವೆಯಾದರೂ ಅವುಗಳಲ್ಲಿ ಹಲವನ್ನು ನಮ್ಮ ಮೂಗು ಅತ್ಯಲ್ಪ ಪ್ರಮಾಣದಲ್ಲೂ ಗುರುತಿಸಬಲ್ಲದು.

ಒಂದು ಬ್ರೆಡ್ಡಿಗೆ 300 ಗ್ರಾಂ ಕಿವುಚಿದ ಹಣ್ಣು, 200 ಗ್ರಾಂ ಮೈದಾ, ತಲಾ 100 ಗ್ರಾಂ ಬೆಣ್ಣೆ ಮತ್ತು ಸಕ್ಕರೆ, ಎರಡು ಮೊಟ್ಟೆ, ಒಂದು ಚಹಾಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಮತ್ತು 8ರಿಂದ 10 ಗ್ರಾಂ ಹೋಜಿಚಾ ಪುಡಿ ಹದವಾದ ಅಳತೆ. ಎಲೆಯನ್ನೇ ಕೊಂಡಿದ್ದರೆ ನುಣ್ಣಗೆ ಪುಡಿಮಾಡಿ ಜರಡಿ ಹಿಡಿಯಬೇಕು. ಕಡ್ಡಿಯ ಚೂರು ಉಳಿದರೆ ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಪುಡಿಯನ್ನು ಮೈದಾಕ್ಕೆ ಬೆರೆಸುವ ಬದಲು, ಕರಗಿಸಿದ ಬೆಚ್ಚನೆಯ ಬೆಣ್ಣೆಯಲ್ಲಿ ಕಲಸಿ ಹತ್ತು ನಿಮಿಷ ಬಿಡುವುದು ಉತ್ತಮ. ಪರಿಮಳದ ಅಣುಗಳಲ್ಲಿ ಹಲವು ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ, ಮತ್ತು ಹಾಗೆ ಕರಗಿದವು ಹಬೆಯೊಡನೆ ಬೇಗ ಹಾರಿಹೋಗುವುದಿಲ್ಲ. ಪುಡಿಯನ್ನು ಸೋಸದೆ ಹಾಗೆಯೇ ತಿನ್ನುವುದರಿಂದ ಅದರಲ್ಲಿ ಉಳಿದ ಕೆಫೀನ್ ಎಲ್ಲವೂ ಹೊಟ್ಟೆಗೆ ಹೋಗುತ್ತದೆ ಎಂಬುದು, ಮಕ್ಕಳಿಗೆ ಕೊಡುವವರಿಗೆ ತಿಳಿದಿರಲಿ.

ಬಾಳೆಹಣ್ಣು ತುಸು ಆಮ್ಲೀಯ. ಸೋಡಾ ಅದರೊಡನೆ ಕೂಡಿದ ಕ್ಷಣದಿಂದಲೇ ಇಂಗಾಲದ ಡೈಆಕ್ಸೈಡ್ ಹುಟ್ಟತೊಡಗುವುದರಿಂದ ಕಲಸಿದ ಹಿಟ್ಟನ್ನು ತಡಮಾಡದೆ ಓವನ್ನಿಗೆ ಇಡಬೇಕು. ಹೆಚ್ಚು ಕಲಸಿದರೆ ಮೈದಾದ ಜಿಗುಟು ಪ್ರೋಟೀನ್ ಆದ ಗ್ಲುಟೆನ್ ಬಿಗಿದು ತಿರುಳು ರಬ್ಬರಿನಂತಾಗುತ್ತದೆ. ಸೋಡಾ ಅಳತೆ ಮೀರಿದರೆ ಸಾಬೂನಿನ ರುಚಿ ಬರುವುದಲ್ಲದೆ, ಕ್ಷಾರದಲ್ಲಿ ಚಹಾದ ಕ್ಯಾಟೆಕಿನ್‌ನಂಥ ಪಾಲಿಫೀನಾಲ್‌ಗಳು ಆಮ್ಲಜನಕದೊಡನೆ ಕೂಡಿ ತಿರುಳಿನ ಬಣ್ಣವನ್ನೂ ಕಪ್ಪೇರಿಸುತ್ತವೆ. 175 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಿದಾಗ ನಡುಭಾಗ 95 ಡಿಗ್ರಿಯ ಹತ್ತಿರ ಬರುತ್ತದೆ. ಅಷ್ಟರಲ್ಲಿ ಪಿಷ್ಟ ನೀರು ಕುಡಿದು ಉಬ್ಬಿ, ಮೊಟ್ಟೆಯ ಪ್ರೋಟೀನ್ ಗಟ್ಟಿಯಾಗಿ, ಬ್ರೆಡ್ ತನ್ನ ಆಕಾರವನ್ನು ಹಿಡಿದಿಟ್ಟುಕೊಳ್ಳಲು ಶಕ್ತವಾಗಿರುತ್ತದೆ.

ಈ ಬ್ರೆಡ್ಡನ್ನು ಫ್ರಿಜ್ಜಿನಲ್ಲಿ ಇಡುವುದು ಸರಿಯಲ್ಲ. ಬೆಂದ ಪಿಷ್ಟದ ಅಣುಗಳು ಮತ್ತೆ ಸಾಲುಗೂಡಿ ಹರಳುಗಟ್ಟುವುದು ಆ ತಂಪಿನಲ್ಲೇ ಹೆಚ್ಚು ವೇಗವಾಗಿ, ಬ್ರೆಡ್ ಬಿರುಸಾಗುವುದು ಅದರಿಂದಲೇ. ಹೊರಗೆ ಮುಚ್ಚಿಟ್ಟು ಮರುದಿನ ದಪ್ಪ ಹೋಳು ಮಾಡಿ, ಸ್ವಲ್ಪ ಬೆಣ್ಣೆ ಹಚ್ಚಿದ ಕಾವಲಿಯ ಮೇಲೆ ಎರಡೂ ಬದಿ ಕಾಯಿಸಿದರೆ ಹೋಳಿನೊಳಗಿನ ಆ ಹರಳುಗಳು 60 ಡಿಗ್ರಿಯ ಹೊತ್ತಿಗೆ ಕರಗಿ ತಿರುಳು ಮತ್ತೆ ಮೆತ್ತಗಾಗುತ್ತದೆ. ಕಾವಲಿಗೆ ತಾಗಿದ ಮೈಯಲ್ಲಿ ನೀರು ಆರಿ ಉಷ್ಣತೆ 100 ಡಿಗ್ರಿ ದಾಟುತ್ತದೆ, ಮತ್ತು ಬಾಳೆಯ ಸಕ್ಕರೆಗಳು ಅಮೈನೋ ಆಮ್ಲಗಳೊಡನೆ ಕೂಡಿ, ಈ ಸಲ ತಿರುಳೇ ತನ್ನ ಮೈಲಾರ್ಡ್ ಕ್ರಿಯೆಯನ್ನು ನಡೆಸುತ್ತದೆ.