ಮೊದಲ ದಿನದ ಕಾಂಕ್ರೀಟ್

ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊತ್ತು ನಿಲ್ಲುವ ಹಲಗೆ, ಆಸರೆಗಳನ್ನು ಯಾವಾಗ ಬಿಚ್ಚಬಹುದು? ಇದನ್ನು ಕೇಳುವವರಿಗೆ ಬೇಕಾಗಿರುವುದು ದಿನಗಳ ಲೆಕ್ಕ. ಏಳು ಎಂದೋ ಹದಿನಾಲ್ಕು ಎಂದೋ ಹೇಳಿಬಿಟ್ಟರೆ ಅವರಿಗೆ ಸಮಾಧಾನ. ನಾನು ಹೇಳಲು ಹಿಂಜರಿಯುವುದೂ ಅದನ್ನೇ. ಸಿಮೆಂಟು ಮತ್ತು ನೀರಿನ ನಡುವಿನ ರಾಸಾಯನಿಕ ಕ್ರಿಯೆ ಎಷ್ಟು ಮುಂದುವರಿದಿದೆಯೋ ಕಾಂಕ್ರೀಟ್ ಅಷ್ಟು ಗಟ್ಟಿ. ಆ ಕ್ರಿಯೆ ಸೆಕೆಯಲ್ಲಿ ಓಡುತ್ತದೆ, ಚಳಿಯಲ್ಲಿ ತೆವಳುತ್ತದೆ, ತೇವ ಆರಿದರೆ ನಿಂತೇ ಹೋಗುತ್ತದೆ.

ನೀರು ಸೋಕಿದ ಕೂಡಲೇ ಅವಸರ ಮಾಡುವುದು ಸಿಮೆಂಟಿನಲ್ಲಿರುವ ಟ್ರೈಕ್ಯಾಲ್ಸಿಯಂ ಅಲ್ಯುಮಿನೇಟ್. ಅದನ್ನು ಅದರ ಪಾಡಿಗೆ ಬಿಟ್ಟರೆ ಮಿಶ್ರಣ ನಿಮಿಷಗಳಲ್ಲಿ ಕಲ್ಲಾಗುತ್ತದೆ. ಗೂಡಿನಲ್ಲಿ ಸುಟ್ಟು ಬಂದ ಸಿಮೆಂಟಿನ ಗಟ್ಟಿಗಳ, ಅಂದರೆ ಕ್ಲಿಂಕರಿನ, ಜೊತೆ ಅರೆದು ಸೇರಿಸುವ ಜಿಪ್ಸಂ ಅದಕ್ಕೆ ಕಡಿವಾಣ. ಆಮೇಲೆ ಕೆಲವು ತಾಸು ಹೆಚ್ಚೇನೂ ನಡೆಯದಂತೆ ಕಾಣುತ್ತದೆ. ಕಾಂಕ್ರೀಟನ್ನು ಸಾಗಿಸುವುದು, ಸುರಿಯುವುದು, ಅದುರಿಸಿ ಕೂರಿಸುವುದು ಎಲ್ಲ ಈ ಬಿಡುವಿನಲ್ಲೇ ಮುಗಿಯಬೇಕು. ಬಿಡುವು ಮುಗಿದಾಗ ಟ್ರೈಕ್ಯಾಲ್ಸಿಯಂ ಸಿಲಿಕೇಟ್ ಚುರುಕಾಗುತ್ತದೆ, ಶಾಖ ಏರುತ್ತದೆ, ಸಿಮೆಂಟಿನ ಕಣಗಳ ಮೇಲೆ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಅತಿ ಸೂಕ್ಷ್ಮ ಜೆಲ್ ಬೆಳೆದು ಒಂದು ಕಣವನ್ನು ಇನ್ನೊಂದಕ್ಕೆ ಹೆಣೆಯುತ್ತದೆ. ಶಕ್ತಿಯ ಬಹುಪಾಲು ಈ ಹೆಣಿಗೆಯದ್ದೇ.

ಹೆಣಿಗೆ ಶುರುವಾದದ್ದನ್ನು ಪ್ರಯೋಗಾಲಯದಲ್ಲಿ ವಿಕಾ ಉಪಕರಣದ ಸೂಜಿ ಹೇಳುತ್ತದೆ. 300 ಗ್ರಾಂ ತೂಕ ಹೊತ್ತ, ಸುಮಾರು ಒಂದು ಚದರ ಮಿಲಿಮೀಟರ್ ತುದಿಯ ಸೂಜಿಯನ್ನು ಸಿಮೆಂಟ್ ಪೇಸ್ಟಿನ ಮೇಲೆ ಇಳಿಬಿಡುತ್ತೇವೆ. ಮೊದಮೊದಲು ಅದು ಸಲೀಸಾಗಿ ತಳ ಮುಟ್ಟುತ್ತದೆ. ತಳಕ್ಕಿಂತ ಕೆಲವೇ ಮಿಲಿಮೀಟರ್ ಮೇಲೆ ತಡೆದು ನಿಂತರೆ ಅದು ಆರಂಭಿಕ ಸೆಟ್, ಅಂದರೆ ಪೇಸ್ಟು ಬಿಗಿಯತೊಡಗಿದ ಗಳಿಗೆ. ಮೇಲ್ಮೈಯಲ್ಲಿ ಬರೀ ಚುಕ್ಕೆ ಮೂಡಿಸುವ ಹೊತ್ತಿಗೆ ಅಂತಿಮ ಸೆಟ್. ‘ಅಂತಿಮ’ ಎಂಬುದನ್ನು ಕೇಳಿ ಮೋಸ ಹೋಗಬಾರದು. ಆ ಗಳಿಗೆಯಲ್ಲಿ ಕಾಂಕ್ರೀಟಿನ ಒತ್ತಡ ತಾಳುವ ಶಕ್ತಿ ಸಾಮಾನ್ಯವಾಗಿ 1 ಮೆಗಾಪಾಸ್ಕಲ್ (ಚದರ ಸೆಂಟಿಮೀಟರಿಗೆ ಸುಮಾರು 10 ಕಿಲೋ ಭಾರ) ಕೂಡ ಮುಟ್ಟಿರುವುದಿಲ್ಲ.

ಬಿರುಕುಗಳ ಕಥೆ ಇದಕ್ಕೂ ಮೊದಲೇ ಶುರುವಾಗುತ್ತದೆ. ಹೊಸದಾಗಿ ಸುರಿದ ಸ್ಲ್ಯಾಬನ್ನು ಓರೆ ಬೆಳಕಿನಲ್ಲಿ ನೋಡಿ. ಜಲ್ಲಿ, ಸಿಮೆಂಟು ಕೆಳಗೆ ಕೂರುತ್ತಿದ್ದಂತೆ ಮೇಲೆ ನೀರು ಒಸರಿ ಹೊಳೆಯುತ್ತದೆ. ಒಸರುವುದಕ್ಕಿಂತ ವೇಗವಾಗಿ ಆವಿಯಾದರೆ ಹೊಳಪು ಮಾಯವಾಗಿ ಮೈ ಮಂಕಾಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಕೂದಲೆಳೆಯ ಸೀಳುಗಳು ಕಾಣಿಸಿಕೊಳ್ಳುತ್ತವೆ. ಗಂಟೆಗೆ ಚದರ ಮೀಟರಿಗೆ 1 ಕಿಲೋ ನೀರು ಹಾರಿಹೋಗುತ್ತಿದ್ದರೆ ಅಪಾಯ ಎಂಬುದು ಎಂಜಿನಿಯರುಗಳ ರೂಢಿಯ ಮಿತಿ. ಇದರಲ್ಲಿ ಬಿಸಿಲಿಗಿಂತ ಗಾಳಿಯ ಕೈವಾಡ ಹೆಚ್ಚಿರುವುದೂ ಉಂಟು. ಇನ್ನು ಒಸರಿದ ನೀರು ಬೇಗ ಆರಲಿ ಎಂದು ಮೇಲೆ ಒಣ ಸಿಮೆಂಟು ಉದುರಿಸುವ ಮೇಸ್ತ್ರಿಗಳಿದ್ದಾರೆ. ನುಣುಪು ಬರುತ್ತದೆ ನಿಜ, ಆದರೆ ಮುಂದೆ ಪುಡಿಪುಡಿಯಾಗಿ ಏಳುವುದೂ ಅದೇ ಪದರ.

ಸೆಟ್ ಆದ ಮೇಲಿನ ಬಿರುಕುಗಳು ಬೇರೆ ಜಾತಿಯವು. ಕಾಂಕ್ರೀಟಿನ ಗುಣಗಳೆಲ್ಲ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಭಾರಕ್ಕೆ ಮಣಿಯದ ಪೆಡಸುತನ ಮುಂದೆ ಓಡುತ್ತದೆ, ಶಕ್ತಿ ಹಿಂದೆ ಬರುತ್ತದೆ. ಪೆಡಸುತನವು ಸರಿಸುಮಾರು ಶಕ್ತಿಯ ವರ್ಗಮೂಲಕ್ಕೆ ಅನುಗುಣವಾಗಿ ಹೋಗುವುದರಿಂದ, ಶಕ್ತಿ ಅರ್ಧಕ್ಕೆ ಬಂದಾಗ ಪೆಡಸುತನ ಶೇ. 70ರ ಆಸುಪಾಸಿನಲ್ಲಿರುತ್ತದೆ. ಎಳೆತ ತಾಳುವ ಶಕ್ತಿಯಂತೂ ಒತ್ತಡ ತಾಳುವ ಶಕ್ತಿಯ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಇದೇ ಹೊತ್ತಿನಲ್ಲಿ ಒಳಗಿನ ಶಾಖ ಇಳಿಯುತ್ತಾ ಕಾಂಕ್ರೀಟ್ ಕುಗ್ಗಲು ನೋಡುತ್ತದೆ. ಅಡಿಪಾಯವೋ ಹಳೆಯ ಗೋಡೆಯೋ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಮಣಿಯಲೂ ಆಗದ, ಎಳೆತ ತಾಳಲೂ ಆಗದ ಆ ವಯಸ್ಸಿನಲ್ಲಿ ಅದು ಸೀಳದೆ ಇನ್ನೇನು ಮಾಡೀತು? ಎಳೆಯ ಕಾಂಕ್ರೀಟ್ ನಿರಂತರ ಎಳೆತಕ್ಕೆ ನಿಧಾನವಾಗಿ ಒಗ್ಗಿಕೊಂಡು ಸ್ವಲ್ಪ ಸಡಿಲವಾಗುವ ಗುಣವೊಂದು ಇಲ್ಲದಿದ್ದರೆ ಬಿರುಕುಗಳು ಇನ್ನೂ ಹೆಚ್ಚಿರುತ್ತಿದ್ದವು. ದಪ್ಪ ಅಡಿಪಾಯಗಳಲ್ಲಿ ಒಡಲಿಗೂ ಮೈಗೂ ನಡುವಿನ ಉಷ್ಣತೆಯ ಅಂತರ 20 ಡಿಗ್ರಿ ಸೆಲ್ಸಿಯಸ್ ಮೀರದಂತೆ ನೋಡಿಕೊಳ್ಳುವ ಪದ್ಧತಿ ಇರುವುದು ಇದಕ್ಕೇ. ಅಲ್ಲಿ ತಣ್ಣೀರು ಎರಚಿ ಮೈಯನ್ನು ಇನ್ನಷ್ಟು ತಂಪು ಮಾಡುವುದಕ್ಕಿಂತ ಹೊದಿಕೆ ಹಾಕಿ ಬೆಚ್ಚಗಿಡುವುದು ಜಾಣತನ.

ಕ್ಯೂರಿಂಗ್, ಅಂದರೆ ಕಾಂಕ್ರೀಟಿನ ತೇವ ಆರದಂತೆ ಕಾಯುವುದರ ಬಗ್ಗೆ ಒಂದು ಸಂದೇಹ ಪದೇಪದೇ ಬರುತ್ತದೆ: ಕಲಸುವಾಗಲೇ ಬೇಕಾದಷ್ಟು ನೀರು ಹಾಕಿದ್ದೇವಲ್ಲ, ಮತ್ತೇಕೆ? ಸಿಮೆಂಟಿನ ತೂಕದ ಸುಮಾರು ಶೇ. 23ರಷ್ಟು ನೀರು ರಾಸಾಯನಿಕವಾಗಿ ಬಂಧಿಯಾಗುತ್ತದೆ, ಜೆಲ್ಲಿನ ರಂಧ್ರಗಳಲ್ಲಿ ಉಳಿಯುವುದನ್ನೂ ಸೇರಿಸಿದರೆ ಶೇ. 42ರ ಹತ್ತಿರ. ಸಾಮಾನ್ಯ ಮಿಶ್ರಣದಲ್ಲಿ ಇದಕ್ಕಿಂತ ಹೆಚ್ಚೇ ಇರುತ್ತದೆ. ಆದರೆ ಇದ್ದ ನೀರು ಹೊರಗೆ ಹೋಗದಿದ್ದರೆ ತಾನೆ? ಒಳಗಿನ ಸಾಪೇಕ್ಷ ಆರ್ದ್ರತೆ ಶೇ. 80ಕ್ಕಿಂತ ಕೆಳಗಿಳಿದರೆ ಕ್ರಿಯೆ ಬಹುತೇಕ ನಿಂತಂತೆಯೇ. ಮೊದಲು ಸೊರಗುವುದು ಕಬ್ಬಿಣಕ್ಕೆ ರಕ್ಷಣೆ ಕೊಡಬೇಕಾದ ಹೊರಪದರ. ಕಡಿಮೆ ನೀರಿನ ಮಿಶ್ರಣಗಳಲ್ಲಿ ರಂಧ್ರಗಳು ಒಳಗಿಂದೊಳಗೇ ಬರಿದಾಗುತ್ತವೆ. ಅವು ಬೇಗನೆ ಮುಚ್ಚಿಕೊಳ್ಳುವುದರಿಂದ ಮರುದಿನ ಹಾಕಿದ ನೀರು ಒಳಕ್ಕೆ ಇಳಿಯುವುದೇ ಕಷ್ಟ.

ಈಗ ದಿನಗಳ ಲೆಕ್ಕಕ್ಕೆ ಬರೋಣ. ನರ್ಸ್–ಸಾಲ್ ಸೂತ್ರವೊಂದಿದೆ. ಉಷ್ಣತೆಗೆ 10 ಕೂಡಿಸಿ ಗಂಟೆಗಳಿಂದ ಗುಣಿಸಿದರೆ ಕಾಂಕ್ರೀಟಿನ ಪಕ್ವತೆ, ಅಂದರೆ ಅದು ಎಷ್ಟು ಬಲಿತಿದೆ ಎಂಬ ಅಳತೆ, ಸಿಗುತ್ತದೆ. 20 ಡಿಗ್ರಿಯಲ್ಲಿ 24 ಗಂಟೆ ಎಂದರೆ 720. ಅಷ್ಟೇ ಪಕ್ವತೆಗೆ 30 ಡಿಗ್ರಿಯಲ್ಲಿ 18 ಗಂಟೆ ಸಾಕು, 10 ಡಿಗ್ರಿಯಲ್ಲಿ 36 ಬೇಕು. ಒರಟು ಲೆಕ್ಕವೇ, ಆದರೂ ಕ್ಯಾಲೆಂಡರಿಗಿಂತ ವಾಸಿ. ಹಾಗೆಂದು ಕಾಂಕ್ರೀಟನ್ನು ಬಿಸಿ ಮಾಡಿ ಅವಸರಿಸುವುದೂ ಲಾಭವಲ್ಲ. ಆರಂಭದಲ್ಲಿ ಬಿಸಿಯಾಗಿ ಬೆಳೆದದ್ದು ಮೊದಲ ದಿನಗಳಲ್ಲಿ ಮುಂದಿದ್ದರೂ 28ನೇ ದಿನದ ಹೊತ್ತಿಗೆ ನಿಧಾನವಾಗಿ ಬೆಳೆದದ್ದಕ್ಕಿಂತ ಹಿಂದೆ ಬೀಳಬಹುದು.

ಒಡೆದು ಪರೀಕ್ಷಿಸಲೆಂದು ಅದೇ ಕಾಂಕ್ರೀಟಿನಿಂದ ಎರಕ ಹೊಯ್ದು ತೊಟ್ಟಿಯ ಹದವಾದ ನೀರಿನಲ್ಲಿಟ್ಟ ಕ್ಯೂಬು (ಘನಾಕೃತಿಯ ತುಂಡು), ಸಿಮೆಂಟು ಮತ್ತು ಮಿಶ್ರಣ ಸರಿಯಿದೆಯೇ ಎಂದು ಹೇಳುತ್ತದೆ. ರಾತ್ರಿಯ ಚಳಿ ಕುಡಿದ ಸ್ಲ್ಯಾಬಿನ ಶಕ್ತಿಯನ್ನು ಅದು ಹೇಳಲಾರದು. ಆಸರೆ ತೆಗೆಯುವ ತೀರ್ಮಾನಕ್ಕೆ ಸ್ಲ್ಯಾಬಿನ ಪಕ್ಕದಲ್ಲೇ, ಅದರದೇ ಹವೆಯಲ್ಲಿ ಬೆಳೆದ ಕ್ಯೂಬುಗಳನ್ನು ಒಡೆಸಬೇಕು, ಇಲ್ಲವೇ ಒಳಗೆ ಉಷ್ಣತಾ ಸಂವೇದಕ ಹುದುಗಿಸಿ ಪಕ್ವತೆ ಲೆಕ್ಕ ಹಾಕಬೇಕು. ಬದಿಯ ಹಲಗೆಗಳಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಅಂಚು ಮುರಿಯದಷ್ಟು ಗಟ್ಟಿಯಾದರೆ ಬಿಚ್ಚಬಹುದು, ಬಿಚ್ಚಿದ ತಕ್ಷಣ ಆ ಮೈಗೂ ಕ್ಯೂರಿಂಗ್ ಬೇಕು. ತಳದ ಆಸರೆಗಳನ್ನು ಎರಡೂ ಕಡೆ ಊರಿದ ಸ್ಲ್ಯಾಬಿನಲ್ಲಿ ನಡುವಿನಿಂದ ಅಂಚಿನ ಕಡೆಗೆ ತೆಗೆಯುತ್ತಾ ಹೋಗಬೇಕು. ಹೊರಚಾಚಿದ ಛಜ್ಜಾದಲ್ಲಿ ತುದಿಯಿಂದ ಗೋಡೆಯ ಕಡೆಗೆ.